ಕರುಳಿನ ಸುದ್ದಿ ಕೇಳುವ ನಡುಗಡ್ಡೆ

ಹೊಟ್ಟೆ ಉರಿಯುತ್ತದೆ, ಕರುಳು ಚುರುಕ್ ಎನ್ನುತ್ತದೆ, ಎದೆ ಝಲ್ಲೆನ್ನುತ್ತದೆ. ಭಾವನೆಗಳಿಗೆ ಕನ್ನಡ ಕೊಟ್ಟ ವಿಳಾಸಗಳೆಲ್ಲ ಮೈಯಲ್ಲೇ ಇವೆ. ಮೈಯ ಆ ಸುದ್ದಿಗಳು ಹೋಗಿ ಸೇರುವ ಜಾಗ ಮಿದುಳಿನ ಮಡಿಕೆಯೊಳಗೆ ಅಡಗಿ ಕೂತಿದೆ. ಹೆಸರು ಇನ್ಸುಲಾ. ಮೇ 31ರ ವಿಶ್ವ ತಂಬಾಕು ರಹಿತ ದಿನದ ನೆಪದಲ್ಲಿ, ಚಟ ಬಿಡಲಾಗದವರನ್ನು ‘ಮನಸ್ಸು ಗಟ್ಟಿಯಿಲ್ಲ’ ಎಂದು ಜರೆಯುವ ಮುನ್ನ ಓದಬೇಕಾದ ಕತೆ ಇದು.

ಅಮೆರಿಕದ ಆಸ್ಪತ್ರೆಯೊಂದರ ಕೋಣೆ. ಸ್ಟ್ರೋಕ್ ಆಗಿ ಸೇರಿದ್ದ ರೋಗಿಯೊಬ್ಬ ತನಗೆ ಬೇರೆ ಕೋಣೆ ಕೊಡಿ ಎಂದು ಕೇಳುತ್ತಾನೆ. ಜೊತೆಗಿದ್ದ ರೋಗಿ ಪದೇ ಪದೇ ಹೊರಗೆ ಹೋಗಿ ಸಿಗರೇಟು ಸೇದಿ ಬರುತ್ತಾನೆ, ಆ ವಾಸನೆಗೆ ಹೇಸಿಗೆಯಾಗುತ್ತದೆ ಎಂಬುದು ಅವನ ದೂರು. ಇದನ್ನು ಕಂಡು ಎಲ್ಲರಿಗಿಂತ ಹೆಚ್ಚು ಬೆರಗಾದವಳು ಅವನ ಹೆಂಡತಿ. ಏಕೆಂದರೆ ಆಸ್ಪತ್ರೆ ಸೇರುವ ಹಿಂದಿನ ಸಂಜೆಯವರೆಗೂ ಆತ ದಿನಕ್ಕೆ 40ರಷ್ಟು ಸಿಗರೇಟು ಸುಡುತ್ತಿದ್ದ. ಬಿಡುವ ಆಲೋಚನೆಯೇ ಅವನಿಗೆ ಇರಲಿಲ್ಲ. ಸಿಗರೇಟು ಏಕೆ ಬಿಟ್ಟೆ ಎಂದು ಸಂಶೋಧಕರು ಕೇಳಿದಾಗ ಅವನು ಕೊಟ್ಟ ಉತ್ತರ ವೈದ್ಯಲೋಕದಲ್ಲಿ ಇಂದಿಗೂ ಚರ್ಚೆಯಲ್ಲಿದೆ. ತಾನು ಸಿಗರೇಟು ಸೇದುವವನು ಎಂಬುದು ಮರೆತಿಲ್ಲ, ಸೇದಬೇಕೆಂಬ ತುಡಿತವನ್ನು ತನ್ನ ದೇಹ ಮರೆತುಬಿಟ್ಟಿದೆ ಎಂದು ಅವನು ವಿವರಿಸಿದ. ಮೊದಲೆಲ್ಲ ಕನಸಿನಲ್ಲಿ ಸೇದಿದರೂ ಹಿತವಾಗುತ್ತಿತ್ತಂತೆ. ಈಗ ಕನಸಿನಲ್ಲೂ ಅಸಹ್ಯ.

ಅವನ ಮಿದುಳಿನಲ್ಲಿ ಹಾನಿಯಾಗಿದ್ದ ಭಾಗ ಇನ್ಸುಲಾ. ನಾಸಿರ್ ನಕ್ವಿ, ಆಂಟೋನಿಯೊ ಬೆಚಾರಾ ಮತ್ತು ಸಂಗಡಿಗರು ಮಿದುಳಿಗೆ ಪೆಟ್ಟಾಗುವ ಮೊದಲು ಸಿಗರೇಟು ಸೇದುತ್ತಿದ್ದ 69 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದರ ಫಲ ಪ್ರಕಟವಾಯಿತು. ಇನ್ಸುಲಾಕ್ಕೆ ಹಾನಿಯಾಗಿದ್ದವರು 19 ಮಂದಿ. ಅವರಲ್ಲಿ 12 ಜನ ಪೆಟ್ಟಾದ ಕೂಡಲೇ, ತೊಳಲಾಟವಿಲ್ಲದೆ, ಮತ್ತೆ ಬೇಕೆನಿಸದೆ ಸಿಗರೇಟು ಬಿಟ್ಟಿದ್ದರು. ಬೇರೆ ಕಡೆ ಪೆಟ್ಟಾಗಿದ್ದ 50 ಮಂದಿಯಲ್ಲಿ ಹಾಗೆ ಬಿಟ್ಟವರು ನಾಲ್ವರು ಮಾತ್ರ. ಸ್ಟ್ರೋಕ್ ಆದ ಹೆದರಿಕೆಗೆ ಬಿಟ್ಟಿರಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಹೆದರಿಕೆ ಎರಡೂ ಗುಂಪಿಗೆ ಇತ್ತು. ಹೆದರಿ ಬಿಡುವವನು ಹಲ್ಲು ಕಚ್ಚಿ ಬಿಡುತ್ತಾನೆ. ಇವರಿಗೆ ಹಲ್ಲು ಕಚ್ಚುವ ಅಗತ್ಯವೇ ಬೀಳಲಿಲ್ಲ. ಈ ವ್ಯತ್ಯಾಸ ಒಂದು ದೊಡ್ಡ ಪ್ರಶ್ನೆಯನ್ನು ಎತ್ತುತ್ತದೆ. ‘ಬೇಕು’ ಎಂಬ ಭಾವನೆ ಹುಟ್ಟುವುದು ಮನಸ್ಸಿನಲ್ಲೋ, ಮೈಯಲ್ಲೋ? ಪ್ರಶ್ನೆಯನ್ನು ಹೀಗೆ ಎರಡು ತುಂಡು ಮಾಡಿದ್ದೇ ತಪ್ಪು ಎಂಬುದಕ್ಕೆ ಇನ್ಸುಲಾ ಸಾಕ್ಷಿ ಹೇಳುತ್ತದೆ ಎಂಬುದು ಈ ಬರಹದ ವಾದ.

ಹಾಳೆ ಸರಿಸಿದರೆ ಕಾಣುವ ಹೂವು

ಮಿದುಳನ್ನು ಹೊರಗಿನಿಂದ ಎಷ್ಟು ತಿರುಗಿಸಿ ನೋಡಿದರೂ ಇನ್ಸುಲಾ ಕಾಣದು. ಕಿವಿಯ ಮೇಲ್ಭಾಗಕ್ಕೆ ಸರಿಯಾಗಿ, ಮಿದುಳಿನ ಎರಡೂ ಪಕ್ಕಗಳಲ್ಲಿ ಒಂದೊಂದು ಆಳವಾದ ಸೀಳು ಹಾದುಹೋಗುತ್ತದೆ. ಆ ಸೀಳಿನ ತುಟಿಗಳನ್ನು ಬಿಡಿಸಬೇಕು. ಬಾಳೆಮೂತಿಯ ಕೆಂಪು ಹಾಳೆ ಎತ್ತಿದರೆ ಅಡಿಯಲ್ಲಿ ಹೂವಿನ ಸಾಲು ಕಾಣುವಂತೆ, ಹಣೆಯ ಕಡೆಯ, ನೆತ್ತಿಯ ಕಡೆಯ, ಕಪೋಲದ ಕಡೆಯ ಮಡಿಕೆಗಳನ್ನು ಸರಿಸಿದಾಗ ಒಳಗೆ ತ್ರಿಕೋನಾಕಾರದ ಒಂದು ಪುಟ್ಟ ದಿಬ್ಬ ಕಾಣಿಸುತ್ತದೆ. ಭ್ರೂಣದಲ್ಲಿ ಇದು ತೆರೆದೇ ಇರುತ್ತದೆ. ಸುತ್ತಲಿನ ಭಾಗಗಳು ವೇಗವಾಗಿ ಬೆಳೆದು, ಮೇಲಿನಿಂದ ಬಾಗಿ, ಇದನ್ನು ಮುಚ್ಚಿಬಿಡುತ್ತವೆ. ಮಿದುಳಿನ ತೊಗಟೆಯ ಒಟ್ಟು ವಿಸ್ತೀರ್ಣದಲ್ಲಿ ಇದರ ಪಾಲು ಶೇ 2ನ್ನೂ ಮುಟ್ಟದು. ಜರ್ಮನಿಯ ವೈದ್ಯ ಯೋಹಾನ್ ಕ್ರಿಶ್ಚಿಯನ್ ರೈಲ್ ಇದನ್ನು 18ನೇ ಶತಮಾನದ ಕೊನೆಯಲ್ಲಿ ಗುರುತಿಸಿ, 1809ರಲ್ಲಿ ವಿವರವಾಗಿ ಬಣ್ಣಿಸಿದ. ಸುತ್ತ ಕಂದಕ, ನಡುವೆ ನೆಲ; ಹಾಗಾಗಿ ಲ್ಯಾಟಿನ್ನಿನಲ್ಲಿ ದ್ವೀಪ ಎಂಬ ಅರ್ಥದ ಹೆಸರು. ನಮ್ಮ ನದಿಗಳ ನಡುವಿನ ನಡುಗಡ್ಡೆ ಎಂಬ ಮಾತು ಇದಕ್ಕೆ ಇನ್ನೂ ಚೆನ್ನಾಗಿ ಒಪ್ಪುತ್ತದೆ, ಏಕೆಂದರೆ ಇದರ ಮೈಮೇಲೆ ನಿಜಕ್ಕೂ ಹೊಳೆ ಹರಿಯುತ್ತದೆ. ಮಿದುಳಿಗೆ ರಕ್ತ ಒಯ್ಯುವ ಮುಖ್ಯ ಧಮನಿಯೊಂದರ ಕವಲುಗಳು ಇನ್ಸುಲಾದ ಮೇಲೆಯೇ ಹಾದುಹೋಗುತ್ತವೆ. ಸ್ಟ್ರೋಕ್‌ಗೂ ಇನ್ಸುಲಾಕ್ಕೂ ಇರುವ ನಂಟು ಈ ಧಮನಿಯಿಂದ ಬಂದದ್ದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಒಂದು ಆಕ್ಷೇಪಣೆಗೆ ಉತ್ತರಿಸುವಾಗ ಬೇಕಾಗುತ್ತದೆ.

ದಿಬ್ಬದ ನಡುವೆ ಒಂದು ಗೆರೆಯಿದೆ. ಅದರ ಮುಂದೆ ಗಿಡ್ಡ ಮಡಿಕೆಗಳು, ಹಿಂದೆ ಉದ್ದನೆಯವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಿಂಭಾಗದಲ್ಲಿ ಸಣ್ಣ ಕಾಳಿನಂಥ ನರಕೋಶಗಳ ಪದರ ಸ್ಪಷ್ಟವಾಗಿ ಕಾಣುತ್ತದೆ; ಮುಂದೆ ಮುಂದೆ ಹೋದಂತೆ ಆ ಪದರ ತೆಳುವಾಗುತ್ತ ಕೊನೆಗೆ ಮಾಯವಾಗುತ್ತದೆ. ಇದು ಕೇವಲ ರಚನೆಯ ವಿವರವಲ್ಲ. ಕಾಳುಪದರ ದಟ್ಟವಾಗಿರುವ ಕಡೆ ಸಾಮಾನ್ಯವಾಗಿ ಹೊರಗಿನಿಂದ ಸುದ್ದಿ ಬಂದು ಇಳಿಯುತ್ತದೆ. ಅಂದರೆ ಇನ್ಸುಲಾದ ಹಿಂಬಾಗಿಲಲ್ಲಿ ಸುದ್ದಿ ಬರುತ್ತದೆ, ಮುಂದಕ್ಕೆ ಸಾಗುತ್ತ ಅದಕ್ಕೆ ಅರ್ಥ ಕೂಡುತ್ತದೆ.

ಏನು ಆ ಸುದ್ದಿ?

ಮೈ ಬಿಸಿಯೋ ತಂಪೋ, ಹೊಟ್ಟೆ ತುಂಬಿದೆಯೋ ಖಾಲಿಯೋ, ಮೂತ್ರಕೋಶ ಬಿಗಿದಿದೆಯೋ, ಎದೆ ಎಷ್ಟು ಜೋರಾಗಿ ಬಡಿಯುತ್ತಿದೆ, ಎಲ್ಲಿ ನೋವು, ಎಲ್ಲಿ ನವೆ, ಎಲ್ಲಿ ಹಿತವಾದ ಸವರುವಿಕೆ. ಇವೆಲ್ಲ ಬೆನ್ನುಹುರಿಯ ತೆಳುವಾದ ನರಗಳ ಮೂಲಕವೂ, ಕರುಳು ಹೃದಯಗಳನ್ನು ಸುತ್ತಿ ಬರುವ ವೇಗಸ್ ನರದ ಮೂಲಕವೂ ಮೇಲೇರಿ, ಥಲಾಮಸ್ ಎಂಬ ಜಂಕ್ಷನ್ ದಾಟಿ, ಇನ್ಸುಲಾದ ಹಿಂಭಾಗಕ್ಕೆ ಬಂದು ಸೇರುತ್ತವೆ. ನಾಲಿಗೆಯ ರುಚಿಯೂ ಇದೇ ದಿಬ್ಬದ ಮುಂಭಾಗ ಮತ್ತು ಅದರ ಆಸುಪಾಸಿಗೆ ಬರುತ್ತದೆ. ಕಣ್ಣು ಕಿವಿಗಳು ಹೊರಲೋಕವನ್ನು ತಂದುಕೊಡುವಂತೆ, ಒಳಲೋಕವನ್ನು ತಂದುಕೊಡುವ ಈ ಗ್ರಹಿಕೆಯನ್ನು ವಿಜ್ಞಾನಿಗಳು ಇಂಟರೊಸೆಪ್ಷನ್ ಎನ್ನುತ್ತಾರೆ, ಒಳಗ್ರಹಿಕೆ ಎನ್ನೋಣ. ಐದು ಇಂದ್ರಿಯಗಳ ಪಾಠ ಓದಿ ಬೆಳೆದ ನಮಗೆ ಈ ಗ್ರಹಿಕೆಯ ಬಗ್ಗೆ ಯಾರೂ ಹೇಳಿಕೊಡಲಿಲ್ಲ. ಬದುಕಿ ಉಳಿಯಲು ಇದರಷ್ಟು ಬೇಕಾದದ್ದು ಬೇರೆ ಇಲ್ಲ.

ಇದಕ್ಕೆ ಪುರಾವೆ ಮೂರು ದಿಕ್ಕಿನಿಂದ ಬಂದಿದೆ. ಮೊದಲನೆಯದು ಶಸ್ತ್ರಚಿಕಿತ್ಸೆಯ ಕೋಣೆಯಿಂದ. ಮಾಂಟ್ರಿಯಲ್‌ನ ವೈಲ್ಡರ್ ಪೆನ್‌ಫೀಲ್ಡ್ ಮತ್ತು ಫಾಕ್ 1955ರಲ್ಲಿ ಮೂರ್ಛೆರೋಗಿಗಳ ಶಸ್ತ್ರಚಿಕಿತ್ಸೆಯ ವೇಳೆ ಇನ್ಸುಲಾಕ್ಕೆ ಸಣ್ಣ ವಿದ್ಯುತ್ ತಾಗಿಸಿದಾಗ, ಎಚ್ಚರದಲ್ಲಿದ್ದ ರೋಗಿಗಳು ಹೊಟ್ಟೆ ತೊಳಸುತ್ತಿದೆ, ಬಾಯಲ್ಲಿ ಏನೋ ರುಚಿ ಬರುತ್ತಿದೆ ಎಂದರು. ಮುಂದೆ ಫ್ರಾನ್ಸ್‌ನ ಲಿಯಾನ್ ನಗರದ ವೈದ್ಯರು ಹಿಂಭಾಗದ ಇನ್ಸುಲಾಕ್ಕೆ ವಿದ್ಯುತ್ ಕೊಟ್ಟು ನೋವನ್ನೇ ಹುಟ್ಟಿಸಿದರು. ಮಿದುಳಿನ ತೊಗಟೆಯ ಬೇರೆಲ್ಲಿ ತಾಗಿಸಿದರೂ ನೋವು ಏಳುವುದು ಅತಿ ಅಪರೂಪ. ಎರಡನೆಯ ಪುರಾವೆ ಸ್ಕ್ಯಾನಿನಿಂದ. 2004ರಲ್ಲಿ ಹ್ಯೂಗೊ ಕ್ರಿಚ್ಲಿ ತಂಡ, ಕೇಳಿಸುತ್ತಿರುವ ಸದ್ದು ನಿಮ್ಮ ಎದೆಬಡಿತದ ಜೊತೆ ತಾಳ ಹಿಡಿಯುತ್ತಿದೆಯೇ ಎಂದು ಕೇಳಿತು. ನಾಡಿ ಮುಟ್ಟುವಂತಿಲ್ಲ, ಒಳಗಿನಿಂದಲೇ ತಿಳಿಯಬೇಕು. ಯಾರ ಬಲ ಇನ್ಸುಲಾದ ಮುಂಭಾಗ ಹೆಚ್ಚು ಚುರುಕಾಗಿತ್ತೋ ಅವರ ಉತ್ತರ ಹೆಚ್ಚು ಸರಿಯಾಗಿತ್ತು. ಮೂರನೆಯದು ನರಗಳ ಹಾದಿಯನ್ನೇ ಬೆನ್ನುಹತ್ತಿದ ಬಡ್ ಕ್ರೇಗ್ ಎಂಬ ಅಂಗರಚನಾ ವಿಜ್ಞಾನಿಯ ಕೆಲಸ. ಹಿಂದಿನಿಂದ ಮುಂದಕ್ಕೆ ಸಾಗುವಾಗ ದೇಹದ ಸ್ಥಿತಿಗೆ ನೆನಪು, ಸಂದರ್ಭ, ನಿರೀಕ್ಷೆಗಳು ಸೇರಿ ‘ಈಗ ನನಗೆ ಹೇಗಿದೆ’ ಎಂಬ ಅರಿವು ರೂಪುಗೊಳ್ಳುತ್ತದೆ ಎಂದು 2002ರಿಂದ ಆತ ವಾದಿಸುತ್ತ ಬಂದ.

ಮುಚ್ಚಳದಡಿಯ ಸಂಗತಿಗಳು

• ಇನ್ಸುಲಾವನ್ನು ಬಣ್ಣಿಸಿದ ರೈಲ್, ಮನೋವೈದ್ಯಶಾಸ್ತ್ರಕ್ಕೆ ಯುರೋಪಿನ ಭಾಷೆಗಳಲ್ಲಿರುವ ಹೆಸರನ್ನು 1808ರಲ್ಲಿ ಟಂಕಿಸಿದವನೂ ಹೌದು. 1813ರ ಲೈಪ್‌ಜಿಗ್ ಯುದ್ಧದ ಗಾಯಾಳುಗಳ ಆರೈಕೆಯ ವೇಳೆ ಟೈಫಸ್ ತಗಲಿ ಸತ್ತ.

• ಇನ್ಸುಲಾದ ಮುಂಭಾಗದಲ್ಲಿ ಕದಿರಿನಂತೆ ನೀಳವಾದ ದೊಡ್ಡ ನರಕೋಶಗಳಿವೆ. 1920ರ ದಶಕದಲ್ಲಿ ಇವನ್ನು ವಿವರಿಸಿದ ವಾನ್ ಎಕೊನೊಮೊ ಹೆಸರೇ ಇವಕ್ಕಿದೆ. ಚಿಂಪಾಂಜಿ, ಗೊರಿಲ್ಲಾ, ತಿಮಿಂಗಿಲ, ಆನೆಗಳ ಮಿದುಳಿನಲ್ಲೂ ಇಂಥವು ಸಿಕ್ಕಿವೆ.

• ದೊಸ್ತೊಯೆವ್‌ಸ್ಕಿಗೆ ಮೂರ್ಛೆಗೆ ಮುನ್ನ ಹೇಳತೀರದ ಆನಂದ ಆವರಿಸುತ್ತಿತ್ತು. ‘ಈಡಿಯಟ್’ ಕಾದಂಬರಿಯ ಮಿಶ್ಕಿನ್‌ಗೂ ಅದನ್ನೇ ಕೊಟ್ಟ. 2013ರಲ್ಲಿ ಅಂಥದೇ ರೋಗಿಯೊಬ್ಬಳ ಇನ್ಸುಲಾದ ಮುಂಭಾಗಕ್ಕೆ ವಿದ್ಯುತ್ ತಾಗಿಸಿದಾಗ ಆ ಆನಂದ ಮರುಕಳಿಸಿತು ಎಂದು ಫೇಬಿಯೆನ್ ಪಿಕಾರ್ ಮತ್ತು ಸಂಗಡಿಗರು ವರದಿ ಮಾಡಿದರು.

ಎದೆ ಬಡಿದದ್ದರಿಂದ ಭಯವೋ?

ದೇಹದ ಸುದ್ದಿ ಬರುವ ಜಾಗ ಎಂದರೆ ಸರಿ, ಭಾವನೆ ಎಲ್ಲಿಂದ ಬಂತು? ಇಲ್ಲೊಂದು ಹಳೆಯ ಜಗಳವಿದೆ. 1884ರಲ್ಲಿ ಅಮೆರಿಕದ ವಿಲಿಯಂ ಜೇಮ್ಸ್, ನಾವು ಹೆದರಿ ನಡುಗುವುದಲ್ಲ, ನಡುಗುವುದರಿಂದಲೇ ಹೆದರುತ್ತೇವೆ ಎಂಬರ್ಥದ ವಾದ ಹೂಡಿದ. ಮೈಯಲ್ಲಿ ಆಗುವ ಬದಲಾವಣೆಗಳ ಅನುಭವಕ್ಕೇ ಭಾವನೆ ಎಂದು ಹೆಸರು ಎಂಬುದು ಅವನ ನಿಲುವು. 1927ರಲ್ಲಿ ವಾಲ್ಟರ್ ಕ್ಯಾನನ್ ಇದನ್ನು ಕಟುವಾಗಿ ತಿರಸ್ಕರಿಸಿದ. ಸಿಟ್ಟು ಬಂದರೂ ಎದೆ ಬಡಿಯುತ್ತದೆ, ಹೆದರಿದರೂ ಬಡಿಯುತ್ತದೆ, ಜ್ವರ ಬಂದರೂ ಬಡಿಯುತ್ತದೆ; ಹಾಗಿದ್ದಾಗ ಯಾವುದು ಸಿಟ್ಟು ಯಾವುದು ಭಯ ಎಂದು ತಿಳಿಯುವುದು ಹೇಗೆ ಎಂದು ಕೇಳಿದ. ತೂಕದ ಪ್ರಶ್ನೆಯೇ. ದಶಕಗಳ ಕಾಲ ಕ್ಯಾನನ್ ಗೆದ್ದಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಕಾರ್ಲ್ ಡೈಸೆರಾತ್ ತಂಡ ‘ನೇಚರ್’ನಲ್ಲಿ ಪ್ರಕಟಿಸಿದ ಪ್ರಯೋಗವನ್ನು ಈ ಜಗಳದ ಬೆಳಕಿನಲ್ಲಿ ಓದಬೇಕು. ಇಲಿಗಳ ಹೃದಯದ ಸ್ನಾಯು ಬೆಳಕಿಗೆ ಮಿಡಿಯುವಂತೆ ಮಾಡಿ, ಮೈಗೆ ಪುಟ್ಟ ದೀಪವಿರುವ ಅಂಗಿ ತೊಡಿಸಿ, ದೀಪ ಮಿನುಗಿಸಿದಷ್ಟು ವೇಗದಲ್ಲಿ, ನಿಮಿಷಕ್ಕೆ 900 ಬಾರಿಯಂತೆ, ಹೃದಯ ಬಡಿಯುವ ಹಾಗೆ ಮಾಡಿದರು. ಸುರಕ್ಷಿತ ಜಾಗದಲ್ಲಿದ್ದಾಗ ಇಲಿಗಳಿಗೆ ಅದರಿಂದ ಹೆಚ್ಚೇನೂ ಆಗಲಿಲ್ಲ. ಅಪಾಯದ ಸಾಧ್ಯತೆ ಇರುವಲ್ಲಿ ಬಿಟ್ಟಾಗ ಮಾತ್ರ, ಹೃದಯ ಜೋರಾಗಿ ಬಡಿಯುತ್ತಿದ್ದ ಇಲಿಗಳು ಉಳಿದವಕ್ಕಿಂತ ಹೆಚ್ಚು ಅಳುಕಿದವು. ಹಿಂಭಾಗದ ಇನ್ಸುಲಾವನ್ನು ಸ್ತಬ್ಧಗೊಳಿಸಿದಾಗ ಆ ಅಳುಕು ಇಳಿಯಿತು. ಜೇಮ್ಸ್ ಅರ್ಧ ಸರಿ, ಕ್ಯಾನನ್ ಅರ್ಧ ಸರಿ ಎಂದು ಈ ಪ್ರಯೋಗ ಹೇಳುತ್ತದೆ ಎಂಬುದು ನನ್ನ ತೀರ್ಮಾನ. ಬರಿಯ ಎದೆಬಡಿತ ಭಯವಲ್ಲ. ಆದರೆ ಭಯಕ್ಕೆ ಎದೆಬಡಿತ ತೂಕ ತುಂಬುತ್ತದೆ, ಸಂದರ್ಭ ಅದಕ್ಕೆ ಹೆಸರಿಡುತ್ತದೆ. ಆ ತೂಕವೂ ಆ ಹೆಸರೂ ಸಂಧಿಸುವ ಕೂಡುದಾರಿಗಳಲ್ಲಿ ಇನ್ಸುಲಾ ಮುಖ್ಯವಾದುದು.

ದಾರಿ ಒಮ್ಮುಖದ್ದೂ ಅಲ್ಲ. 2021ರಲ್ಲಿ ಇಸ್ರೇಲಿನ ಟೆಕ್ನಿಯಾನ್ ಸಂಸ್ಥೆಯ ಆಸ್ಯಾ ರೋಲ್ಸ್ ತಂಡ, ಇಲಿಗಳಿಗೆ ದೊಡ್ಡಕರುಳಿನ ಉರಿಯೂತ ಬಂದಾಗ ಇನ್ಸುಲಾದಲ್ಲಿ ಎಚ್ಚೆತ್ತ ನರಕೋಶಗಳನ್ನು ಗುರುತು ಹಾಕಿ ಇಟ್ಟಿತು. ಇಲಿಗಳು ಚೇತರಿಸಿಕೊಂಡ ಮೇಲೆ ಅದೇ ಕೋಶಗಳನ್ನು ಮತ್ತೆ ಕೆರಳಿಸಿದಾಗ, ಕರುಳಿನಲ್ಲಿ ಉರಿಯೂತದ ಲಕ್ಷಣಗಳು ಮರಳಿ ಕಾಣಿಸಿಕೊಂಡವು. ಕರುಳು ಹೇಳಿದ್ದನ್ನು ಮಿದುಳು ಕೇಳಿಸಿಕೊಳ್ಳುವುದಷ್ಟೇ ಅಲ್ಲ, ನೆನಪಿಟ್ಟುಕೊಳ್ಳುತ್ತದೆ, ಮರಳಿ ಕರುಳಿಗೇ ಹೇಳುತ್ತದೆ. ಮನುಷ್ಯರಲ್ಲಿ ಇನ್ಸುಲಾಕ್ಕೆ ಸ್ಟ್ರೋಕ್ ಆದಾಗ ಹೃದಯದ ಲಯ ತಪ್ಪುವ ಅಪಾಯವಿದೆ ಎಂಬುದನ್ನು ವೈದ್ಯರು ಬಹುಕಾಲದಿಂದ ಗಮನಿಸಿದ್ದಾರೆ. ‘ಎಲ್ಲ ನಿನ್ನ ಮನಸ್ಸಿನ ಭ್ರಮೆ’ ಎಂದು ಹೊಟ್ಟೆನೋವಿನವರನ್ನು ಸುಮ್ಮನಾಗಿಸುವ ಮಾತು ಎಷ್ಟು ಅನ್ಯಾಯದ್ದು ಎಂಬುದು ಇಲ್ಲಿ ತಿಳಿಯುತ್ತದೆ. ಮಿದುಳಿನಲ್ಲಿ ಶುರುವಾದ ನೋವೂ ನಿಜವಾದ ಕರುಳಿನಲ್ಲೇ ಮುಗಿಯಬಹುದು.

ಹಾಗೆಂದು ಹೊಟ್ಟೆಕಿಚ್ಚು, ಕರುಳಬಳ್ಳಿ ಎಂದ ನಮ್ಮ ಹಿರಿಯರಿಗೆ ನರವಿಜ್ಞಾನ ಗೊತ್ತಿತ್ತು ಎನ್ನುವುದು ಸರಿಯಲ್ಲ. ತಮ್ಮ ಮೈಯನ್ನು ಅವರು ಗಮನವಿಟ್ಟು ಕೇಳಿಸಿಕೊಂಡಿದ್ದರು. ಅದು ಸಣ್ಣ ಸಂಗತಿಯಲ್ಲ.

ಆಕ್ಷೇಪಣೆಗಳು

ಮೊದಲ ಆಕ್ಷೇಪಣೆ: ಇನ್ಸುಲಾ ಎಲ್ಲದಕ್ಕೂ ಬೆಳಗುತ್ತದೆ. ನೋವಿಗೂ, ಅಸಹ್ಯಕ್ಕೂ, ಪ್ರೀತಿಗೂ, ಅನ್ಯಾಯ ಕಂಡಾಗಲೂ, ಜೂಜಿಗೂ. 2004ರಲ್ಲಿ ತಾನಿಯಾ ಸಿಂಗರ್ ತಂಡ, ಪಕ್ಕದಲ್ಲಿ ಕೂತ ಸಂಗಾತಿಗೆ ನೋವಾಗುತ್ತಿದೆ ಎಂದು ತಿಳಿದರೇ ಸಾಕು, ನೋಡುವವಳ ಇನ್ಸುಲಾದ ಮುಂಭಾಗ ಚುರುಕಾಗುತ್ತದೆ ಎಂದು ತೋರಿಸಿತು. ಎಲ್ಲವನ್ನೂ ವಿವರಿಸುವುದು ಏನನ್ನೂ ವಿವರಿಸದು ಎಂಬ ಅನುಮಾನ ಸಹಜ. 2011ರಲ್ಲಿ ಅಮೆರಿಕದ ಪ್ರಮುಖ ದಿನಪತ್ರಿಕೆಯಲ್ಲಿ ಮಾರುಕಟ್ಟೆ ತಜ್ಞರೊಬ್ಬರು, ಐಫೋನ್ ಸದ್ದಿಗೆ ಜನರ ಇನ್ಸುಲಾ ಬೆಳಗಿತು, ಆದ್ದರಿಂದ ಜನ ಫೋನನ್ನು ನಿಜವಾಗಿ ಪ್ರೀತಿಸುತ್ತಾರೆ ಎಂದು ಬರೆದರು. ನಲವತ್ತಕ್ಕೂ ಹೆಚ್ಚು ನರವಿಜ್ಞಾನಿಗಳು ಸಹಿ ಹಾಕಿ ಪ್ರತಿಭಟಿಸಿದರು. ಅವರದೇ ಸರಿ. ಹೊಗೆ ಕಂಡಲ್ಲೆಲ್ಲ ಪಾಯಸ ಬೇಯುತ್ತಿದೆ ಎನ್ನಲಾಗದು. ಆದರೆ ಈ ಆಕ್ಷೇಪಣೆ ನನ್ನ ವಾದವನ್ನು ಕೆಡಿಸದೆ ಗಟ್ಟಿ ಮಾಡುತ್ತದೆ. ಇನ್ಸುಲಾವನ್ನು ಪ್ರೀತಿಯ ಮನೆ, ಅಸಹ್ಯದ ಮನೆ ಎಂದು ಕರೆದವರಿಗೆ ಮಾತ್ರ ಇದು ತೊಡಕು. ಮೈಯಲ್ಲಿ ಏನೋ ಮಹತ್ವದ್ದು ಬದಲಾಗುತ್ತಿದೆ ಎಂಬುದನ್ನು ಅದು ಗಮನಕ್ಕೆ ತರುತ್ತದೆ ಎಂದಾದರೆ, ನೋವು, ಪ್ರೀತಿ, ಜೂಜು ಎಲ್ಲದರಲ್ಲೂ ಅದು ಎಚ್ಚೆತ್ತುಕೊಳ್ಳಲೇಬೇಕು.

ಎರಡನೆಯದು ಇನ್ನೂ ಗಟ್ಟಿಯಾದ ಆಕ್ಷೇಪಣೆ. ಸಂಶೋಧಕರು ರೋಜರ್ ಎಂದು ಹೆಸರಿಟ್ಟ ರೋಗಿಗೆ 1980ರಲ್ಲಿ ಹರ್ಪಿಸ್ ವೈರಾಣುವಿನಿಂದ ಮಿದುಳಿನ ಉರಿಯೂತವಾಗಿ ಎರಡೂ ಕಡೆಯ ಇನ್ಸುಲಾ ಬಹುಪಾಲು ನಾಶವಾಯಿತು. ಆದರೂ ಆತ ಕನ್ನಡಿಯಲ್ಲಿ ತನ್ನನ್ನು ಗುರುತಿಸುತ್ತಿದ್ದ, ನೋವಿಗೆ ಮುಖ ಹಿಂಡುತ್ತಿದ್ದ, ತನಗೆ ಹೇಗನಿಸುತ್ತಿದೆ ಎಂದು ಹೇಳುತ್ತಿದ್ದ. ಇನ್ಸುಲಾ ಇಲ್ಲದೆಯೂ ‘ನಾನು’ ಇರುತ್ತದೆ ಎಂದಾಯಿತು. ಕ್ರೇಗ್‌ನ ವಾದದ ದಿಟ್ಟ ತುದಿ ಇಲ್ಲಿ ಮುರಿಯುತ್ತದೆ. ಒಪ್ಪಬೇಕು. ಆದರೆ ಕತೆಯ ಮುಂದಿನ ಭಾಗ ನೋಡಿ. 2009ರಲ್ಲಿ ಸಾಹಿಬ್ ಖಾಲ್ಸಾ ಮತ್ತು ಸಂಗಡಿಗರು ರೋಜರ್‌ನ ಹೃದಯಬಡಿತವನ್ನು ಔಷಧಿಯಿಂದ ಏರಿಸಿದಾಗ ಆತನಿಗೆ ಅದು ತಿಳಿಯಿತು. ಎದೆಯ ಮೇಲಿನ ಚರ್ಮವನ್ನು ಮರಗಟ್ಟಿಸಿ ಮತ್ತೆ ಏರಿಸಿದಾಗ ತಿಳಿಯದೇ ಹೋಯಿತು! ಅಂದರೆ ಹೃದಯದ ಸುದ್ದಿಗೆ ಎರಡು ಹಾದಿ. ಒಂದು ಒಳಗಿನದು, ಇನ್ಸುಲಾಕ್ಕೆ ಹೋಗುವಂಥದು. ಇನ್ನೊಂದು ಎದೆಗೂಡಿನ ಚರ್ಮದ ಅದುರಾಟವನ್ನು ಸ್ಪರ್ಶದ ಕೇಂದ್ರಕ್ಕೆ ಒಯ್ಯುವಂಥದು. ಸೇತುವೆ ಕೊಚ್ಚಿಹೋದ ಊರಿಗೆ ಬಳಸುದಾರಿ ಸಿಕ್ಕಿತೆಂದರೆ ಸೇತುವೆಯಿಂದ ಪ್ರಯೋಜನವೇ ಇರಲಿಲ್ಲ ಎಂದರ್ಥವಲ್ಲ. ದೇಹದ ಸುದ್ದಿ ಎಷ್ಟು ಮುಖ್ಯವೆಂದರೆ ಅದು ಬರಲು ಒಂದೇ ಬಾಗಿಲು ನೆಚ್ಚಿಕೊಂಡಿಲ್ಲ ಎಂಬ ಅರ್ಥವೇ ನನಗೆ ಕಾಣುವುದು.

ಮೂರನೆಯದು ಧಮನಿಯ ಪ್ರಶ್ನೆ. ಇನ್ಸುಲಾದ ಮೇಲೆ ಹರಿಯುವ ರಕ್ತನಾಳ ಕಟ್ಟಿಕೊಂಡರೆ ಅಕ್ಕಪಕ್ಕದ ಎಷ್ಟೋ ಭಾಗಗಳೂ ಸಾಯುತ್ತವೆ. ತಪ್ಪನ್ನೆಲ್ಲ ಇನ್ಸುಲಾದ ತಲೆಗೆ ಕಟ್ಟುವುದು ಹೇಗೆ? 1996ರಲ್ಲಿ ನೀನಾ ಡ್ರಾಂಕರ್ಸ್, ಮಾತಿನ ಚಲನೆ ಹೊಂದಿಸಲಾಗದ 25 ರೋಗಿಗಳಲ್ಲಿ ಎಲ್ಲರಿಗೂ ಎಡ ಇನ್ಸುಲಾದ ಒಂದೇ ಜಾಗಕ್ಕೆ ಹಾನಿಯಾಗಿತ್ತು ಎಂದು ವರದಿ ಮಾಡಿದ್ದರು. ಸ್ಟ್ರೋಕ್‌ನಲ್ಲಿ ಆ ಜಾಗ ಹೇಗೂ ಹೆಚ್ಚು ಹಾನಿಗೊಳ್ಳುತ್ತದೆ ಎಂದು ಬೇರೆಯವರು ಅದನ್ನು ಪ್ರಶ್ನಿಸಿದರು. ಚಟದ ವಿಷಯದಲ್ಲೂ 2022ರಲ್ಲಿ ‘ನೇಚರ್ ಮೆಡಿಸಿನ್’ನಲ್ಲಿ ಯುಹೋ ಯೌಟ್ಸಾ ಮತ್ತು ಸಂಗಡಿಗರು, ಚಟ ಕಳಚಿಸುವ ಹಾನಿಗಳು ಒಂದು ಬಿಂದುವಿನಲ್ಲಿಲ್ಲ, ಇನ್ಸುಲಾ ಸೇರಿದ ಒಂದು ಜಾಲದಲ್ಲಿವೆ ಎಂದು ತೋರಿಸಿದರು. ಈ ತಿದ್ದುಪಡಿ ಬೇಕಾಗಿತ್ತು.

ಗಂಟಲಿನ ಕೆರೆತ

ಇಷ್ಟನ್ನೂ ಒಪ್ಪಿದ ಮೇಲೂ ಆ ಆಸ್ಪತ್ರೆಯ ಕೋಣೆಯ ಮಾತು ಉಳಿಯುತ್ತದೆ: ದೇಹ ಮರೆತಿದೆ. ಸಿಗರೇಟಿನ ಸುಖದಲ್ಲಿ ನಿಕೋಟಿನ್ ಎಷ್ಟು ಮುಖ್ಯವೋ ಹೊಗೆ ಗಂಟಲನ್ನು ಕೆರೆದು ಇಳಿಯುವ ಅನುಭವವೂ ಅಷ್ಟೇ ಮುಖ್ಯ. 1980ರ ದಶಕದಲ್ಲೇ ಜೆಡ್ ರೋಸ್ ಮತ್ತು ಸಂಗಡಿಗರು ಸೇದುವವರ ಶ್ವಾಸಮಾರ್ಗವನ್ನು ಮರಗಟ್ಟಿಸಿ ನೋಡಿದ್ದರು. ಹೊಗೆ ಒಳಗೆ ಹೋದರೂ ತೃಪ್ತಿ ಕುಂದಿತು. ಬಾಯಿ, ಗಂಟಲು, ಶ್ವಾಸನಾಳದ ಈ ಸಂವೇದನೆಗಳು ಇನ್ಸುಲಾಕ್ಕೆ ಸುದ್ದಿ ಒಯ್ಯುತ್ತವೆ. ದಿನಕ್ಕೆ ಹತ್ತಾರು ಬಾರಿ, ವರ್ಷಗಟ್ಟಲೆ, ಊಟದ ನಂತರ, ಚಹಾದ ಜೊತೆ, ಬೇಸರದಲ್ಲಿ, ದಣಿವಿನಲ್ಲಿ ಅಚ್ಚೊತ್ತಿದ ಸುದ್ದಿ ಅದು. ಎಲೆಗೆ ಸುಣ್ಣ ಹಚ್ಚಿ ತಂಬಾಕು ಸೇರಿಸಿ ದವಡೆಗೆ ಒತ್ತುವವರ ಬಾಯುರಿಗೂ ಇದೇ ತರ್ಕ ಹೊಂದುತ್ತದೆ ಎಂದು ನನಗನಿಸುತ್ತದೆ. ಇಂಥವರಿಗೆ ಬರುವ ತುಡಿತ ಒಂದು ಆಲೋಚನೆಯಲ್ಲ, ತೆಗೆದುಹಾಕಲು. ಹಸಿವಿನಂತೆ, ಬಾಯಾರಿಕೆಯಂತೆ, ಮೈಯಿಂದ ಏಳುವ ಕರೆ. ಉಪದೇಶದಿಂದ ಯಾರ ಬಾಯಾರಿಕೆಯೂ ತಣಿದಿಲ್ಲ.

ಹಾಗಾದರೆ ಮನುಷ್ಯ ತನ್ನ ಇನ್ಸುಲಾದ ಗುಲಾಮನೇ, ಜವಾಬ್ದಾರಿ ಎಂಬುದಿಲ್ಲವೇ ಎಂದು ಕೇಳುವವರಿದ್ದಾರೆ. ಮೇಲಿನ ಲೆಕ್ಕವೇ ಉತ್ತರ ಕೊಡುತ್ತದೆ. ಇನ್ಸುಲಾ ಸುಸ್ಥಿತಿಯಲ್ಲಿದ್ದ ಆ 50 ಮಂದಿಯಲ್ಲೂ ಒಟ್ಟು 19 ಜನ ಸಿಗರೇಟು ಬಿಟ್ಟಿದ್ದರು. ನಾಲ್ವರನ್ನು ಬಿಟ್ಟರೆ ಉಳಿದವರು ಕಷ್ಟಪಟ್ಟು ಬಿಟ್ಟವರು. ತುಡಿತ ಮೈಯಿಂದ ಬರುತ್ತದೆ ಎಂದರೆ ಅದಕ್ಕೆ ಶರಣಾಗಬೇಕೆಂದಲ್ಲ; ಮೈಗೂ ಮದ್ದು ಕೊಡಬೇಕು ಎಂದು. ನಿಕೋಟಿನ್ ಚೂಯಿಂಗ್ ಗಮ್, ಪ್ಯಾಚ್, ವೈದ್ಯರು ಬರೆದುಕೊಡುವ ಮಾತ್ರೆ, ತುಡಿತ ಏಳುವ ಹೊತ್ತು ಗುರುತಿಸಿ ಅದನ್ನು ದಾಟಿಸುವ ಸಲಹೆ, ಇವೆಲ್ಲ ಇರುವುದೇ ಅದಕ್ಕೆ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಅವರಲ್ಲಿ ನಿಮ್ಮ ಅಪ್ಪ, ಅಣ್ಣ, ಅಜ್ಜಿ ಯಾರೇ ಇರಲಿ, ಮುಂದಿನ ಸಲ ಬೈಯುವ ಬದಲು ಒಂದು ಸಂಖ್ಯೆ ಬರೆದುಕೊಡಿ: 1800-11-2356. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ ಇದು. ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನ ಕೇಂದ್ರದಲ್ಲಿ ಕನ್ನಡದಲ್ಲೇ ಮಾತಾಡುವವರಿದ್ದಾರೆ.